ಭಾಗ್ಯಾ ಹೆಸರು ಹಚ್ಚಿಟ್ಟ ದನಿಗಳು

ನಮ್ಮ ಊರಿನ ಹೆಸರು ಬರೆಯುವುದಿಲ್ಲ. ಸವದತ್ತಿಯಲ್ಲಿ ರಾಮದುರ್ಗದ ಬಸ್ಸು ಹತ್ತಿದವರು ನಮ್ಮ ಪಂಚಾಯ್ತಿ ಕಟ್ಟಡವನ್ನು ದಾಟಿಯೇ ಹೋಗುತ್ತಾರೆ, ಅಷ್ಟು ಸಾಕು. ಆ ಕಟ್ಟಡದ ಎಡಗಡೆಯ ಕೋಣೆ ಲೈಬ್ರರಿ, ಬಲಗಡೆಯದು ಆಫೀಸು. ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಿರುವವಳು ನಾನು, ಅನ್ನಪೂರ್ಣಾ ಎಂದಿಟ್ಟುಕೊಳ್ಳಿ. ಲೈಬ್ರರಿಯಲ್ಲಿ ಹದಿನೇಳು ವರ್ಷದಿಂದ ಕೆಲಸ ಮಾಡುವವಳು ಭಾಗ್ಯಾ. ಅವಳ ಹೆಸರೂ ಅದಲ್ಲ. ಎಲ್ಲರ ಹೆಸರನ್ನೂ ಬದಲಿಸಿ ಬರೆದಿದ್ದೇನೆ.

ಊರಿನ ಜನ ಈಗ ಅವಳನ್ನು "ಸುಳ್ಳು ದನಿ ಮಾಡಿದಾಕಿ" ಎನ್ನುತ್ತಾರೆ. ಹದಿನೇಳು ವರ್ಷ ಒಂದು ಪುಸ್ತಕ ಹೆಚ್ಚುಕಡಿಮೆ ಆಗದಂತೆ ನೋಡಿಕೊಂಡವಳಿಗೆ ಸಿಕ್ಕ ಹೆಸರು ಅದು. ಅವಳು ಸುಳ್ಳು ದನಿ ಮಾಡಲಿಲ್ಲ. ನಿಜ ಹೇಳಬೇಕಾದವರು ಬಾಯಿ ಮುಚ್ಚಿಕೊಂಡು ಕೂತಿದ್ದಾರೆ, ಅವಳೂ ಹೇಳುವುದಿಲ್ಲ. ನನಗೆ ತಡೆಯಲಾಗಲಿಲ್ಲ, ಬರೆಯುತ್ತಿದ್ದೇನೆ.

ಭಾಗ್ಯಾಳ ತವರು ಉಗರಗೋಳ. ಅವಳ ಅಪ್ಪ ಶಟ್ಟೆಪ್ಪನದು ದೇವಿಯ ಗುಡ್ಡಕ್ಕೆ ಹೋಗುವ ಭಕ್ತರಿಗೆ ಕಾಯಿ, ಕರ್ಪೂರ, ಭಂಡಾರದ ಅರಿಶಿನ ಮಾರುವ ಅಂಗಡಿ. ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ ಸಣ್ಣಂದಿನಿಂದ ಅವಳದೇ ಆಗಿತ್ತಂತೆ. ಆ ಚಟ ಗಂಡನ ಮನೆಗೂ ಬಂತು, ಲೈಬ್ರರಿಗೂ ಬಂತು. ಮೂರು ಸಾವಿರ ಪುಸ್ತಕಗಳ ಬೆನ್ನ ಮೇಲೆ ಅವಳ ದುಂಡನೆಯ ಅಕ್ಷರದ ಚೀಟಿ. ಕೀಲಿಕೈಗೆ ಚೀಟಿ, ಅಂಟಿನ ಬಾಟಲಿಗೆ ಚೀಟಿ. ಕಸಬರಿಗೆಯ ಹಿಡಿಗೂ "ಲೈಬ್ರರಿ" ಎಂದು ಬರೆದ ಪಟ್ಟಿ ಸುತ್ತಿದ್ದಳು. ನಾನು ಕಾಡುತ್ತಿದ್ದೆ.

"ನಿನ್ನ ಗಂಡಗೂ ಒಂದ ಚೀಟಿ ಹಚ್ಚವಾ, ಎಲ್ಲೆರ ಕಳದ ಹೋದಾನು."

"ಹೆಸರು ಹಚ್ಚದಿದ್ರ ಹುಡುಕೂದು ಹೆಂಗ್ರಿ ಅಕ್ಕಾರ?" ಎನ್ನುತ್ತಿದ್ದಳು. ನಗುತ್ತಿರಲಿಲ್ಲ. ಅವಳಿಗೆ ಅದು ತಮಾಷೆಯ ವಿಷಯವಾಗಿರಲಿಲ್ಲ.

ಎರಡು ವರ್ಷದ ಹಿಂದೆ ಬೈಲಹೊಂಗಲದಲ್ಲಿ ಲೈಬ್ರರಿ ಕೆಲಸದವರಿಗೆ ಮೂರು ದಿನದ ತರಬೇತಿ ಆಯಿತು. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯವರೆಲ್ಲ ಬಂದಿದ್ದರು. ಬಹಳ ಜನ ಚೀಲ, ಪೆನ್ನು ತೆಗೆದುಕೊಂಡು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಊರಿಗೆ ಬಂದರು. ಭಾಗ್ಯಾ ಎರಡು ಹಾಳೆ ತುಂಬ ಪಟ್ಟಿ ಬರೆದುಕೊಂಡು ಬಂದಳು. ಯಾವ ಆ್ಯಪ್ ಏನು ಮಾಡುತ್ತದೆ, ಯಾವುದಕ್ಕೆ ನೆಟ್ ಬೇಕು, ಯಾವುದಕ್ಕೆ ಬೇಡ, ಎಲ್ಲ ಇತ್ತು ಅದರಲ್ಲಿ. ದೇಗಾಂವದ ಕಡೆಯ ಒಬ್ಬಾಕೆ ತಮ್ಮೂರಿನ ಗುಡಿಯ ಕಥೆಯನ್ನು ತಾನೇ ಹೇಳಿ ಫೋನಿನಲ್ಲಿ ಎಲ್ಲರೂ ಕೇಳುವಂತೆ ಮಾಡಿದ್ದಳಂತೆ. "ಆಕಿ ಮಾಡ್ಯಾಳ ಅಂದ್ರ ನನಗ್ಯಾಕ ಆಗೂದಿಲ್ರಿ?" ಎಂದು ಬಂದ ದಿನವೇ ಹಟ ಹಿಡಿದಳು.

ಲೈಬ್ರರಿಗೆ ಯಾರೋ ಪುಣ್ಯಾತ್ಮರು ಕೊಟ್ಟ ಒಂದು ಟ್ಯಾಬ್ ಪೆಟ್ಟಿಗೆಯಲ್ಲೇ ಬಿದ್ದಿತ್ತು. ಅದನ್ನು ತೆಗೆದು ಒರೆಸಿ, ನನ್ನ ಹತ್ತಿರ ಬಂದು ಪಂಚಾಯ್ತಿಯ ಹೆಸರಿನಲ್ಲಿ ಒಂದು ಖಾತೆ ತೆರೆಸಿಕೊಂಡಳು. ಮೊದಲಿಗೆ ಎಲ್ಲ ಎಡವಟ್ಟು. ಪುಸ್ತಕಗಳನ್ನು ವಿಂಗಡಿಸುವ ಆ್ಯಪು ಜೋಳದ ರೋಗಗಳ ಪುಸ್ತಕವನ್ನು ಅಡುಗೆಯ ಸಾಲಿಗೆ ಸೇರಿಸಿತು. ಹಾಳೆಯ ಫೋಟೊ ತೆಗೆದರೆ ಓದಿ ಹೇಳುವ ಇನ್ನೊಂದು, ನಮ್ಮ ಮಂದಿಯ ಅಡ್ಡಹೆಸರುಗಳನ್ನು ಕೇಳಲಾಗದಂತೆ ತಿರುಚಿ ಓದುತ್ತಿತ್ತು. ಭಾಗ್ಯಾ ಸೋಲಲಿಲ್ಲ. ಹೂಲಿಯ ಹಳೆಯ ಗುಡಿಗಳ ಕಥೆ, ನರಿಯ ಕಥೆ, ಸೊಸೆಯ ಕಥೆ ಅಂತ ನಲವತ್ತು ಕಥೆಗಳನ್ನು ತನ್ನ ದನಿಯಲ್ಲಿ ತುಂಬಿಸಿದಳು. ಶಾಲೆ ಬಿಟ್ಟ ಮೇಲೆ ಮಕ್ಕಳು ಟ್ಯಾಬಿನ ಸುತ್ತ ಮುತ್ತಿಕೊಂಡು ಕೇಳುತ್ತಿದ್ದರು. ಒಂದೊಂದು ಕಥೆಗೂ ಹೆಸರು, ನಂಬರು, ತಾರೀಖು ಇರುತ್ತಿತ್ತು.

ಈಗ ಸಂಗಪ್ಪನವರ ವಿಷಯಕ್ಕೆ ಬರುತ್ತೇನೆ. ಊರಿನಲ್ಲಿ ಅವರು ಸಂಗಪ್ಪ ಸಾವಕಾರ. ಅರವತ್ತಾರು ವರ್ಷ. ನಾವೂ ಅವರೂ ಒಂದೇ ಜಾತಿಯ ಮಂದಿ, ನನ್ನ ಮದುವೆಯಲ್ಲಿ ಮುಂದೆ ನಿಂತು ಓಡಾಡಿದವರು ಅವರು. ಊರಿನಲ್ಲಿ ಯಾವ ಕಾಗದ ಬಂದರೂ ಜನ ಮೊದಲು ಅವರ ಕಟ್ಟೆಗೆ ಒಯ್ಯುತ್ತಿದ್ದರು. ಅವರು ಕಾಗದವನ್ನು ಕೈಯಲ್ಲಿ ಹಿಡಿದು, ಜೇಬು ಮುಟ್ಟಿ ನೋಡಿಕೊಂಡು, "ಚಸ್ಮಾ ಒಳಗ ಉಳೀತು, ನೀನ ಓದಪಾ" ಎನ್ನುತ್ತಿದ್ದರು. ಓದಿದ್ದನ್ನು ಕೇಳಿ ನ್ಯಾಯ ಹೇಳುತ್ತಿದ್ದರು. ನ್ಯಾಯ ಸರಿಯಾಗಿಯೇ ಇರುತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ. ಮನೆಯಲ್ಲಿ ಹೆಂಡತಿ ರಾಚವ್ವ ಏಳನೆಯ ತನಕ ಕಲಿತಿದ್ದಳು. ಪೇಪರು, ಪತ್ರ, ಲಗ್ನಪತ್ರಿಕೆ ಎಲ್ಲವನ್ನೂ ಬೆಳಗ್ಗೆ ಚಹಾ ಕುಡಿಯುವಾಗ ಆಕೆ ಓದಿ ಹೇಳಿ ಗಂಡನನ್ನು ತಯಾರು ಮಾಡಿ ಕಳಿಸುತ್ತಿದ್ದಳು. ಮಗ ಸಂಜುಗೂ ಗೊತ್ತಾಗದಂತೆ ನಲವತ್ತು ವರ್ಷ ಈ ಸಂಸಾರ ನಡೆಯಿತು. ಆಮೇಲೆ ರಾಚವ್ವ ತೀರಿಕೊಂಡಳು.

ಒಂದು ಮಧ್ಯಾಹ್ನ, ಲೈಬ್ರರಿಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಸಾವಕಾರರು ಎರಡು ಗುಳಿಗೆಯ ಪಟ್ಟಿ ಹಿಡಿದುಕೊಂಡು ಬಂದರು.

"ಓದೂ ಮಷೀನ್ ತಂದೀಯಂತಲ್ಲಾ ತಂಗೀ. ಇದರಾಗ ಬಿ.ಪಿ. ದು ಯಾವ್ದು, ಸಕ್ಕರಿದು ಯಾವ್ದು ಕೇಳು. ಚಸ್ಮಾ ಮರತ ಬಂದೇನಿ."

ಚಸ್ಮಾ ಅವರ ಅಂಗಿಯ ಜೇಬಿನಲ್ಲೇ ಕಾಣುತ್ತಿತ್ತು. ಭಾಗ್ಯಾ ಪಟ್ಟಿಗಳ ಮೇಲೆ ಟ್ಯಾಬ್ ಹಿಡಿದಳು, ಅದು ಓದಿ ಹೇಳಿತು. ಮರುದಿನ ಕರೆಂಟ್ ಬಿಲ್ ತಂದರು. ಮತ್ತೊಂದು ದಿನ ಲಗ್ನಪತ್ರಿಕೆ. ಏಳನೆಯ ಸಲ ಬಂದಾಗ ಕೈ ಖಾಲಿ ಇತ್ತು. ಚಸ್ಮಾವನ್ನು ತೆಗೆದು ಮೇಜಿನ ಮೇಲೆ ಇಟ್ಟರು.

"ಭಾಗ್ಯಾ, ನನಗ ಓದಾಕ ಬರೂದಿಲ್ಲ. ಸಹಿ ಒಂದ ಬರತೈತಿ. ರಾಚವ್ವ ಇದ್ದಳು, ನಡೀತು. ಈಗ ಆಗವಲ್ದು."

ಇದೆಲ್ಲ ಭಾಗ್ಯಾ ಬಹಳ ದಿನದ ಮೇಲೆ ನನಗೆ ಹೇಳಿದ್ದು. ಆವತ್ತು ಅವರು ಒಂದು ಕರಾರು ಹಾಕಿದರಂತೆ. "ನೀ ಕಲಸಬ್ಯಾಡ. ಆ ಮಷೀನ್ ಕಲಸಲಿ. ಅದು ಯಾರ ಮುಂದೂ ಆಡಿ ತೋರಸೂದಿಲ್ಲ." ಭಾಗ್ಯಾ ತನ್ನ ಎರಡೂ ಮಕ್ಕಳ ಮೇಲೆ ಆಣೆ ಮಾಡಿ ಯಾರಿಗೂ ಹೇಳುವುದಿಲ್ಲ ಎಂದಳು. ಮಷೀನು ಕಲಿಸಲಿ ಎಂದದ್ದರಲ್ಲಿ ತನ್ನ ಜಾತಿಯ ಲೆಕ್ಕವೂ ಇದೆಯೋ ಏನೋ ಎಂದು ಅವಳಿಗೆ ಅನ್ನಿಸಿತ್ತಂತೆ. ಅನ್ನಿಸಿದರೂ ಸುಮ್ಮನಾದಳು. ಓದಬೇಕು ಎಂದು ಬಂದವರನ್ನು ಅವಳು ಯಾವತ್ತೂ ವಾಪಸು ಕಳಿಸಿದವಳಲ್ಲ.

ಮಷೀನು ಎಂದರೆ ಆ ಪಟ್ಟಿಯಲ್ಲಿದ್ದ ಮೂರನೆಯ ಆ್ಯಪು. ಅದರ ಮುಂದೆ ಕೂತು ಓದಿದರೆ ಸರಿಯಾದ ಶಬ್ದ ಹಸಿರಾಗುತ್ತದೆ, ತಪ್ಪಿದ್ದು ಕೆಂಪಾಗುತ್ತದೆ. ಆದರೆ ಅಗಸ, ಆಟ ಎಂದು ತೋರಿಸಿದರೆ ಯಾವ ಅಕ್ಷರದ ಮೇಲೆ ಬೆರಳಿಡಬೇಕು, ಒತ್ತಕ್ಷರ ಎಲ್ಲಿ ನೇತಾಡುತ್ತಿದೆ ಎಂದು ಮಷೀನಿಗೆ ಹೇಳಲು ಬರುವುದಿಲ್ಲ. ಅದನ್ನು ಹೇಳಿದವಳು ಭಾಗ್ಯಾ. ಏಳು ತಿಂಗಳು, ದಿನಾ ಒಂದರಿಂದ ಎರಡು ಗಂಟೆ. ಲೈಬ್ರರಿಯ ಬಾಗಿಲು ಅರ್ಧ ಮುಚ್ಚಿರುವುದನ್ನು ನೋಡಿ ನಾನೇ ಒಮ್ಮೆ ಕೇಳಿದ್ದೆ. "ಪುಸ್ತಕ ಎಣಸಾಕ ಹತ್ತೇನ್ರಿ ಅಕ್ಕಾರ" ಎಂದಳು. ಊಟದ ಡಬ್ಬಿಯನ್ನು ದಿನಾ ನನ್ನ ಜೊತೆ ಬಿಚ್ಚುವವಳು ನನಗೂ ಹೇಳಲಿಲ್ಲ. ಮಾತು ಅಂದರೆ ಮಾತು.

ಎರಡನೆಯ ತಿಂಗಳಲ್ಲಿ ಅವರೇ, "ಇಲ್ಲಿ ಕುಂತಾಗ ಸಾವಕಾರ ಅನಬ್ಯಾಡ, ಕಾಕಾ ಅನ್ನು" ಎಂದರಂತೆ.

ಈಗ ತಪ್ಪಿನ ವಿಷಯ. ಆ ಆ್ಯಪು ಒಂದೊಂದು ಪಾಠ ಮುಗಿದಾಗಲೂ ಓದಿದವರ ದನಿಯನ್ನು ಉಳಿಸಿಕೊಳ್ಳುತ್ತದೆ. ಉಳಿಸಿದ್ದಕ್ಕೆ ಹೆಸರಿರುವುದಿಲ್ಲ, ಉದ್ದನೆಯ ಅಂಕಿಗಳು ಇರುತ್ತವೆ. ಬೇರೆ ಯಾರಾದರೂ ಆಗಿದ್ದರೆ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ, ಇಲ್ಲವೆ ಅಳಿಸಿಬಿಡುತ್ತಿದ್ದರು. ಭಾಗ್ಯಾ ಒಂದೊಂದನ್ನೂ ತೆರೆದು, ಅಂಕಿ ತೆಗೆದು, ಹೆಸರು ಹಚ್ಚಿದಳು. "ಸಂಗಪ್ಪಕಾಕಾ ೧, ಅಗಸ ಆಟ." "ಸಂಗಪ್ಪಕಾಕಾ ೫೮, ರಾಚವ್ವನ ಹೆಸರು." "ಸಂಗಪ್ಪಕಾಕಾ ೧೧೨, ಪೇಪರಿನ ಮೊದಲ ಪುಟ." ಗುಟ್ಟನ್ನು ಕಾಯುತ್ತೇನೆ ಎಂದು ಆಣೆ ಮಾಡಿದವಳು ಅದೇ ಗುಟ್ಟಿಗೆ ನಂಬರು ಹಾಕಿ, ತಾರೀಖು ಬರೆದು, ಸಾಲಾಗಿ ಜೋಡಿಸಿಟ್ಟಳು. ಲೈಬ್ರರಿಯವಳು ಮಾತ್ರ ಮಾಡಬಹುದಾದ ತಪ್ಪು ಅದು.

ಎರಡನೆಯ ತಪ್ಪು ನನ್ನದು. ಮೇ ತಿಂಗಳ ರಜೆಯಲ್ಲಿ ತಾಯಂದಿರು ಕಥೆಗಳನ್ನು ಫೋನಿಗೆ ಕಳಿಸಿ ಎಂದು ಗಂಟುಬಿದ್ದರು. ಲೈಬ್ರರಿಯ ವಾಟ್ಸಾಪ್ ಗುಂಪಿನಲ್ಲಿ ನೂರಾ ಎಂಬತ್ತು ಜನ ಇದ್ದರು. ಭಾಗ್ಯಾ ಒಂದೊಂದೇ ಕಥೆ ಕಳಿಸುತ್ತ ಕೂತಿದ್ದಳು. ನನಗೆ ಅವಸರ. "ಇಡೀ ಫೋಲ್ಡರಿನ ಲಿಂಕ್ ಹಾಕಿಬಿಡವಾ, ಬೇಕಾದವರು ಬೇಕಾದ್ದು ತಗೋತಾರ" ಎಂದು ನಾನೇ ಒತ್ತಿ ತೋರಿಸಿದೆ. ತೆರೆದರೆ ಮೇಲೆ ಮಕ್ಕಳ ಕಥೆಗಳೇ ಕಾಣುತ್ತಿದ್ದವು. ಕೆಳಗೆ ಇನ್ನೊಂದು ಫೋಲ್ಡರ್ ಇದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೇ ಖಾತೆಯಾದ್ದರಿಂದ ಅದೂ ಜೊತೆಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಹತ್ತು ಗಂಟೆಗೆ ಲಿಂಕ್ ಹೋಯಿತು. ಹನ್ನೊಂದಕ್ಕೆ ಯಮನಪ್ಪನ ಚಹಾದಂಗಡಿಯಲ್ಲಿ ಸಾವಕಾರರ ದನಿ ಕೇಳಿಸತೊಡಗಿತು. "ಕ... ಲ... ಸ. ಅಲ್ಲಲ್ಲಾ, ಕಳಸ." ಜನ ಬೆಂಚು ಬಡಿದು ನಕ್ಕರು. ಐವತ್ತೆಂಟನೆಯದನ್ನು ಹುಡುಕಿ ಹುಡುಕಿ ಹಾಕಿದರು. ಅದರಲ್ಲಿ ಆ ಮನುಷ್ಯ ಹೆಂಡತಿಯ ಹೆಸರನ್ನು ಮೂರು ಸಲ ಓದಿ, "ಆತೇನು? ಇಷ್ಟ ಏನು?" ಎಂದು ಕೇಳಿ, ಆಮೇಲೆ ಸುಮ್ಮನೆ ಉಸಿರಾಡುವುದು ಮಾತ್ರ ಇತ್ತು. ಅದಕ್ಕೂ ನಕ್ಕರು. ಓದಲು ಬರುವುದಿಲ್ಲ ಎಂಬುದಕ್ಕಿಂತ, ಸಾವಕಾರರು ಯಾರ ಕೈಯಲ್ಲಿ ಅಕ್ಷರ ಕಲಿತರು ಎಂಬುದಕ್ಕೆ ನಮ್ಮ ಮಂದಿ ಹೆಚ್ಚು ನಕ್ಕರು. "ಭಾಗ್ಯಾಗ ಕಾಕಾ ಆಗ್ಯಾರಂತಪಾ!" ಎಂದು ಹಾಡಿದಂತೆ ಹೇಳಿಕೊಂಡು ತಿರುಗಿದರು. ನನಗೆ ನಮ್ಮವರ ಬಗ್ಗೆ ಹೇಸಿಗೆಯಾಯಿತು.

ಭಾಗ್ಯಾಗೆ ಗೊತ್ತಾದಾಗ ಅವಳ ಮೋರೆ ನೋಡಲಾಗಲಿಲ್ಲ. ನಾನು ಲಿಂಕ್ ತೆಗೆದೆ. ಅಷ್ಟರೊಳಗೆ ಬೇಕಾದವರು ಬೇಕಾದ್ದನ್ನು ಇಳಿಸಿಕೊಂಡಿದ್ದರು. ಅವಳು ಚಪ್ಪಲಿಯನ್ನೂ ಮೆಟ್ಟದೆ ಸಾವಕಾರರ ಮನೆಗೆ ಓಡಿದಳು. ಕಟ್ಟೆಯ ಕೆಳಗೆ ಬಿಸಿಲಿನಲ್ಲಿ ಒಂದು ತಾಸು ನಿಂತಳು. ಒಳಗಿನಿಂದ ಯಾರೂ ಬರಲಿಲ್ಲ. ಕೊನೆಗೆ ಮಗ ಸಂಜು ಬಾಗಿಲಿಗೆ ಬಂದು, "ಅಪ್ಪಾರು ಮಲಗ್ಯಾರ, ನೀ ಹೋಗು" ಎಂದ.

ಎಂಟು ದಿನ ಸಾವಕಾರರು ಹೊರಗೆ ಕಾಣಿಸಲಿಲ್ಲ. ಒಂಬತ್ತನೆಯ ದಿನ ಸಂಜುನ ಜೊತೆ ನನ್ನ ಕಂಪ್ಯೂಟರಿನ ಮುಂದೆ ಬಂದು ಕೂತರು. ಅರ್ಜಿ ಟೈಪ್ ಮಾಡಿಸಬೇಕಿತ್ತು. ಹೇಳಿದವನು ಸಂಜು. ಈಗ ಮಷೀನುಗಳು ಯಾರ ದನಿ ಬೇಕಾದರೂ ಮಾಡುತ್ತವೆ, ಊರಿನ ಜನಕ್ಕೆಲ್ಲ ಅದು ಗೊತ್ತಿದೆ, ಹಾಗಾಗಿ ಆ ನೂರಾ ಹನ್ನೆರಡು ದನಿಗಳನ್ನು ಲೈಬ್ರರಿ ಮೇಲ್ವಿಚಾರಕಿ ಮಷೀನಿನಿಂದ ಮಾಡಿದ್ದಾಳೆ, ಅವಳನ್ನು ಕೆಲಸದಿಂದ ತೆಗೆಯಬೇಕು ಎಂದು. ನಾನು ಟೈಪು ಮಾಡುವುದನ್ನು ನಿಲ್ಲಿಸಿ ಸಾವಕಾರರ ಮುಖ ನೋಡಿದೆ.

"ಕಾಕಾರ, ಇದು ಖರೇ ಏನ್ರಿ?"

ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ, "ನೀ ಟೈಪ್ ಮಾಡವಾ" ಎಂದರು. ಆಮೇಲೆ ಸಂಜು ಸಹಿಗೆ ಪೆನ್ನು ತರಲು ಆಚೆ ಹೋದಾಗ ನನ್ನ ಕಡೆ ಬಗ್ಗಿ, ಮೆಲ್ಲಗೆ, "ಅಕ್ಷರ ಸ್ವಲ್ಪ ದೊಡ್ಡೂ ಮಾಡು. ಒಂದ ಕಾಪಿ ನನಗ ಇವತ್ತ ಕೊಡು" ಎಂದರು.

ಆ ದನಿಗಳು ಅವರವೇ ಎಂದು ಆಗ ನನಗೆ ಖಾತ್ರಿಯಾಗಿ ತಿಳಿಯಿತು. ತಿಳಿದೂ ನಾನು ಅಕ್ಷರ ದೊಡ್ಡದು ಮಾಡಿ, ಎರಡು ಪ್ರತಿ ತೆಗೆದು ಕೊಟ್ಟೆ. ನನ್ನ ಕೆಲಸ ಅದು ಎಂದು ನನಗೆ ನಾನೇ ಹೇಳಿಕೊಂಡೆ. ಲಿಂಕ್ ಹಾಕಿಸಿದವಳು ನಾನು ಎಂದು ಅಲ್ಲಿ ಬಾಯಿಬಿಟ್ಟಿದ್ದರೆ ಅರ್ಧ ಭಾರ ನನ್ನ ಮೇಲೆ ಬರುತ್ತಿತ್ತು. ಬಿಡಲಿಲ್ಲ. ಭಾಗ್ಯಾಗೆ ದ್ರೋಹ ಮಾಡಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ, ಅದನ್ನು ಮುಚ್ಚಿಟ್ಟು ಸಾವಕಾರರೊಬ್ಬರ ಮೇಲೆ ಬೆರಳು ತೋರಿಸುವುದು ಸರಿಯಲ್ಲ.

ಸೋಮವಾರ ಪಂಚಾಯ್ತಿ ಸಭೆ ಸೇರಿತು. ಅಧ್ಯಕ್ಷೆ ಸುಂದರವ್ವ, ಸದಸ್ಯರು, ಪಿಡಿಓ, ಬಾಗಿಲಲ್ಲಿ ಕಿಟಕಿಯಲ್ಲಿ ಊರಿನ ಜನ. ಭಾಗ್ಯಾ ಗೋಡೆಗೆ ಒರಗಿ ನಿಂತಿದ್ದಳು. ಕೂರಲು ಯಾರೂ ಹೇಳಲಿಲ್ಲ. ಪಿಡಿಓ ಅರ್ಜಿ ಓದಲು ಕೈ ಚಾಚಿದರು. ಸಾವಕಾರರು ಕೊಡಲಿಲ್ಲ.

"ನಂದು ನಾನ ಓದತೇನಿ" ಎಂದರು.

ಜೇಬಿನಿಂದ ಚಸ್ಮಾ ತೆಗೆದು ಹಾಕಿಕೊಂಡರು. ಎದ್ದು ನಿಂತರು. ಕಿಟಕಿಯಲ್ಲಿ ಕಿಸಿಕಿಸಿ ನಗುತ್ತಿದ್ದವರು ಒಳಗೆ ಕತ್ತು ಚಾಚಿದರು. ಅವರು ಓದತೊಡಗಿದರು. ನಿಧಾನವಾಗಿ, ಆದರೆ ಎಲ್ಲೂ ನಿಲ್ಲದೆ ಓದಿದರು. "ಸದರಿ ಮೇಲ್ವಿಚಾರಕಿಯು ದುರುದ್ದೇಶಪೂರ್ವಕವಾಗಿ ನನ್ನ ದನಿಯನ್ನು ಹೋಲುವ ಸುಳ್ಳು ದನಿಗಳನ್ನು ಮಷೀನಿನಿಂದ ತಯಾರಿಸಿ, ಸಾರ್ವಜನಿಕವಾಗಿ ಹಂಚಿ, ನನ್ನ ಮರ್ಯಾದೆಗೆ ಕುಂದು ತಂದಿರುತ್ತಾರೆ. ಕಾರಣ ಸದರಿಯವರನ್ನು ಕೆಲಸದಿಂದ ವಜಾ ಮಾಡಬೇಕಾಗಿ ವಿನಂತಿ." ಒಂದೂವರೆ ಪುಟ. ಓದಿ ಮುಗಿಸಿ ಸುತ್ತ ನೋಡಿದರು, ಗೋಡೆಯ ಕಡೆ ಮಾತ್ರ ನೋಡಲಿಲ್ಲ. ಯಮನಪ್ಪನೇ ಮೊದಲು, "ನೋಡ್ರಿ, ಇಷ್ಟ ಸ್ವಚ್ಛ ಓದಾವ್ರು ಅಗಸ ಆಟ ಅಂತ ಯಾಕ ಕುಂದರತಾರ?" ಎಂದ. ಎಂಟು ದಿನ ಬೆಂಚು ಬಡಿದು ನಕ್ಕವನು ಅವನೇ.

ಸುಂದರವ್ವ ಭಾಗ್ಯಾಳ ಕಡೆ ತಿರುಗಿ, "ಏನ ಹೇಳ್ತಿ ನೀನು?" ಎಂದಳು.

ಹೇಳಲು ಬೇಕಾದಷ್ಟಿತ್ತು. ದಿನ ದಿನದ ತಾರೀಖು ಅವಳ ಹತ್ತಿರ ಇತ್ತು. ದಿನಾ ಲೈಬ್ರರಿಯ ಬಾಗಿಲಿನಿಂದ ಸಾವಕಾರರು ಹೊರಗೆ ಬರುವುದನ್ನು ನೋಡಿದ ಸಿಪಾಯಿ ಪರಸಪ್ಪ ಅಲ್ಲೇ ನಿಂತಿದ್ದ. ನಾನಿದ್ದೆ. ಭಾಗ್ಯಾ ಗೋಡೆ ಬಿಟ್ಟು ನೆಟ್ಟಗೆ ನಿಂತಳು.

"ಸಾವಕಾರ್ರು ಛಲೋ ಓದಿದ್ರು" ಎಂದಳು. ಅಷ್ಟೇ.

ಪಿಡಿಓ ರೇಗಿದರು. ದನಿ ಮಷೀನಿನಿಂದ ಮಾಡಿದ್ದು ಎಂದು ಒಪ್ಪಿಕೊಂಡು, ತಪ್ಪಾಯಿತು ಎಂದು ಬರೆದುಕೊಟ್ಟರೆ ಕೆಲಸ ಉಳಿಸುತ್ತೇವೆ, ಇಲ್ಲದಿದ್ದರೆ ಅರ್ಜಿಯನ್ನು ಮೇಲೆ ಕಳಿಸುತ್ತೇವೆ ಎಂದರು. ಭಾಗ್ಯಾ ನನ್ನ ಮೇಜಿನ ಮೇಲಿದ್ದ ಹಾಳೆ ತೆಗೆದುಕೊಂಡು, ಮೂರು ಸಾಲು ಬರೆದು, ಹೆಸರು ಹಾಕಿ ಕೊಟ್ಟಳು. ಟ್ಯಾಬನ್ನು ಆಫೀಸಿನ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನಲವತ್ತು ಕಥೆಗಳೂ ಅದರ ಜೊತೆ ಒಳಗೆ ಹೋದವು. ಮಗುವಿನ ದನಿ ಕದ್ದು ಏನಾದರೂ ಮಾಡಿಯಾಳು ಎಂದು ಎರಡು ಮನೆಯವರು ಆ ವಾರವೇ ಮಕ್ಕಳನ್ನು ಲೈಬ್ರರಿಗೆ ಕಳಿಸುವುದನ್ನು ನಿಲ್ಲಿಸಿದರು. ಸಾವಕಾರರು ಈಗ ಬೆಳಗ್ಗೆ ಯಮನಪ್ಪನ ಅಂಗಡಿಯಲ್ಲಿ ಕೂತು ನಾಲ್ಕು ಜನಕ್ಕೆ ಕೇಳುವಂತೆ ಪೇಪರು ಓದುತ್ತಾರೆ.

ಸಭೆ ಮುಗಿದ ಮೇಲೆ ನಾವಿಬ್ಬರೂ ಲೈಬ್ರರಿಯಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತೆವು. ಆವತ್ತೇ ಅವಳು ನನಗೆ ಮೊದಲಿನಿಂದ ಎಲ್ಲವನ್ನೂ ಹೇಳಿದ್ದು. ನಾನು ನನ್ನ ಡಬ್ಬಿ ಮುಚ್ಚಿ ಪಕ್ಕಕ್ಕೆ ಸರಿಸಿದೆ.

"ಅವರು ನಿನ್ನ ಹೊಟ್ಟಿ ಮ್ಯಾಲ ಹೊಡದ್ರು, ನೀ ಅವರ ಮಾನ ಕಾಯತಿ. ಯಾಕ ಬರಕೊಟ್ಟಿ ಸುಳ್ಳು?"

"ಮಕ್ಕಳ ಮ್ಯಾಲ ಆಣಿ ಮಾಡಿದ್ದೆನ್ರಿ. ಒಂದ ಸಲ ಮಾತ ತಪ್ಪೇನಿ, ಗೊತ್ತಿಲ್ದ. ಗೊತ್ತಿದ್ದೂ ಹೆಂಗ ತಪ್ಪಲಿ? ಮತ್ತ ಕೆಲಸನೂ ಬೇಕಲ್ರಿ ನನಗ." ರೊಟ್ಟಿಯ ಚೂರನ್ನು ಪಲ್ಯಕ್ಕೆ ಹಚ್ಚಿ ಹಾಗೇ ಹಿಡಿದುಕೊಂಡಿದ್ದಳು, ಬಾಯಿಗೆ ಇಡಲಿಲ್ಲ. "ಆ ಮನಶ್ಯಾನ ಮಾರಿ ಇನ್ನ ನೋಡೂದಿಲ್ಲ ನಾನು. ಅವರು ಎದ್ದ ನಿಂತಾಗ ಇಷ್ಟ ಸಿಟ್ಟ ಬಂದಿತ್ರಿ, ಎಲ್ಲಾ ಹೇಳೇಬಿಡಬೇಕು ಅಂತ ಬಾಯಿ ತನಕ ಬಂದಿತ್ತು. ಅವರು ಓದಾಕ ಹತ್ತಿದ್ರು. ನನಗ ಗೊತ್ತಿಲ್ದನ ನಾನು ತಪ್ಪು ಹುಡುಕಾಕ ಹತ್ತೇನಿ. ಇಲ್ಲಿ ಎಡವತಾರ, ಈ ಒತ್ತಕ್ಷರಕ್ಕ ನಿಲ್ಲತಾರ ಅಂತ ತುಟಿ ಕಚ್ಚಿ ಹಿಡದ ನಿಂತಿದ್ದೆ."

"ಆಮ್ಯಾಲ?"

ಅವಳ ಕಣ್ಣಿನಿಂದ ನೀರು ಸುರಿಯತೊಡಗಿತು. ಒರೆಸಿಕೊಳ್ಳಲಿಲ್ಲ.

"ಒಂದ ಕಡೆರ ತಪ್ಪಿದ್ರ ಆಗತಿತ್ರಿ ಅಕ್ಕಾರ. ಒಂದೂ ತಪ್ಪಲಿಲ್ಲ. ಅಷ್ಟ ಛಲೋ ಕಲಿಸಿದ್ದೆ ನಾನು."